ತಂತಿ ಬಗ್ಗಿಸುವ ಮಗಳು, ಕವಳ ಹಾಕುವ ಅಪ್ಪ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು, ಅಡಿಕೆ ತೋಟದ ಮನೆ. ಮಗಳು ದಂತ ವೈದ್ಯಕೀಯ ಮೂರನೆಯ ವರ್ಷದಲ್ಲಿದ್ದಾಳೆ. ಮುಂದೆ ಆರ್ಥೋಡಾಂಟಿಕ್ಸ್ ಓದಿ ಹಲ್ಲಿಗೆ ಕ್ಲಿಪ್ ಹಾಕುವ ತಜ್ಞೆಯಾಗಬೇಕೆಂದು ಆಸೆ. ಆದರೆ ಕಾಲೇಜಿನಲ್ಲಿ ಒಂದು ವಿಭಾಗದವರು ಬೆರಳು ಬೊಬ್ಬೆ ಬರುವಂತೆ ತಂತಿ ಬಗ್ಗಿಸಲು ಕೂರಿಸುತ್ತಾರಂತೆ, ಇನ್ನೊಂದು ವಿಭಾಗದವರು ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬರೆಸುತ್ತಾರಂತೆ. ಕ್ಲಿಪ್ ಹಾಕುವವಳಿಗೆ ಬಾಯಿಯ ರೋಗಗಳ ಪಾಠ ಇಷ್ಟೊಂದು ಬೇಕೇ? ಮೇಲಾಗಿ ರಜೆಗೆ ಬಂದಾಗಲೆಲ್ಲ ನನ್ನ ಕವಳದ ಮೇಲೆ ಜಗಳ. ಹೊಗೆಸೊಪ್ಪು ಬಿಟ್ಟು ಆರು ವರ್ಷವಾಯಿತು. ಈಗ ಎಲೆ, ಅಡಿಕೆ, ಸುಣ್ಣ ಅಷ್ಟೇ. ಅದರಲ್ಲೂ ತಪ್ಪಿದೆಯೇ?

ಉತ್ತರ: ಎರಡು ಪ್ರಶ್ನೆ ಕೇಳಿದ್ದೀರಿ, ಒಂದು ಮಗಳ ಓದಿನದು, ಒಂದು ನಿಮ್ಮ ಕವಳದ್ದು. ನಾನು ಆರ್ಥೋಡಾಂಟಿಕ್ಸ್ ಕಲಿಸುತ್ತ ತಲೆ ನರೆಸಿಕೊಂಡವನು, ಅಡಿಕೆ ತೋಟದ ಮನೆಯಲ್ಲೇ ಹುಟ್ಟಿದವನು. ಎರಡಕ್ಕೂ ಉತ್ತರ ಕೊಡುವ ಅರ್ಹತೆ ಸ್ವಲ್ಪ ಇದೆ, ಸ್ವಲ್ಪ ನಾಚಿಕೆಯೂ ಇದೆ. ನಾಚಿಕೆ ಏಕೆಂದು ಮುಂದೆ ಹೇಳುತ್ತೇನೆ.

ತಂತಿಯ ದೂರು ಹಳೆಯದು. ಪ್ರತಿ ವರ್ಷದ ಮಕ್ಕಳೂ ಅದನ್ನೇ ಹೇಳುತ್ತಾರೆ. ನಿಮ್ಮ ಮಗಳು ಈಗ ಬಗ್ಗಿಸುತ್ತಿರುವುದು ಬಹುಶಃ ಆಡಮ್ಸ್ ಕ್ಲಾಸ್ಪ್ ಎಂಬ ಕೊಂಡಿ. ಮಕ್ಕಳ ಬಾಯಿಗೆ ಕಳಚಿ ಹಾಕುವ ಪ್ಲೇಟು ಕೊಡುತ್ತೇವಲ್ಲ, ಅದು ಮಾತಾಡುವಾಗ ಕಳಚಿ ಬೀಳದಂತೆ ದವಡೆ ಹಲ್ಲನ್ನು ಹಿಡಿದುಕೊಳ್ಳುವುದು ಈ ಕೊಂಡಿ. 0.7 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಂತಿ, ಒಂದು ಇಕ್ಕಳ, ಮುಂದೆ ಪ್ಲಾಸ್ಟರಿನ ಹಲ್ಲಿನಚ್ಚು. ತಂತಿಯಲ್ಲಿ ಎರಡು ಬಾಣದ ತಲೆಗಳನ್ನು ಮಾಡಬೇಕು, ನಡುವೆ ನೇರವಾದ ಒಂದು ಸೇತುವೆ. ಬಾಣದ ತಲೆಗಳು ಹಲ್ಲಿನ ಕೆನ್ನೆ ಬದಿಯ ಎರಡು ಮೂಲೆಗಳ ತಗ್ಗಿನಲ್ಲಿ ಕೂರಬೇಕು. ಪಕ್ಕದ ಹಲ್ಲಿಗೆ ತಾಗಿದರೆ ಆ ಹಲ್ಲು ಸರಿದುಬಿಡುತ್ತದೆ, ಕೆಳಗಿಳಿದರೆ ವಸಡಿಗೆ ಚುಚ್ಚುತ್ತದೆ. ಸೇತುವೆ ಹಲ್ಲಿಗೆ ಒರಗದೆ ಸ್ವಲ್ಪ ದೂರ ನಿಲ್ಲಬೇಕು, ಮಗು ಪ್ಲೇಟನ್ನು ತೆಗೆಯುವಾಗ ಉಗುರು ಸಿಗಿಸುವುದು ಅಲ್ಲೇ.

ಕೇಳಲು ಸುಲಭ. ಮೊದಲ ದಿನ ಎಡಗಡೆಯ ಬಾಣ ಚೆನ್ನಾಗಿ ಬರುತ್ತದೆ, ಬಲಗಡೆಯದು ಒಂದು ಕೂದಲೆಳೆ ಮೇಲೆ ಹೋಗುತ್ತದೆ. ವಿದ್ಯಾರ್ಥಿ ಅದನ್ನು ನೆಟ್ಟಗೆ ಮಾಡಿ ಮತ್ತೆ ಬಗ್ಗಿಸುತ್ತಾನೆ. ಇನ್ನೊಮ್ಮೆ ನೆಟ್ಟಗೆ ಮಾಡಿ ಮತ್ತೊಮ್ಮೆ. ಆಮೇಲೆ ಟಿಕ್ ಎಂದು ಒಂದು ಸದ್ದು. ಸ್ಟೀಲು ಬಗ್ಗಿದಷ್ಟೂ ಗಡುಸಾಗುತ್ತದೆ, ಗಡುಸಾದಷ್ಟೂ ಬಿರುಕು ಬಿಡುತ್ತದೆ. ತಂತಿಯ ಮೇಲೆ ಮಾಡಿದ ತಪ್ಪನ್ನು ಅಳಿಸಲಾಗದು, ಹೊಸ ತುಂಡು ತೆಗೆದುಕೊಳ್ಳಬೇಕು. ಆದ್ದರಿಂದ ಬಗ್ಗಿಸುವ ಮುನ್ನ ನೋಡು, ಅಳೆ, ಪೆನ್ಸಿಲಿನಿಂದ ಅಚ್ಚಿನ ಮೇಲೆ ಗೆರೆ ಎಳೆ, ಆಮೇಲೆ ಒಂದೇ ಸಲ ಬಗ್ಗಿಸು. ಬಾಯಿಮಾತಿನಲ್ಲಿ ನೂರು ಸಲ ಹೇಳಿದರೂ ಹತ್ತದ ಈ ಮಾತು ಹತ್ತು ತಂತಿ ಮುರಿದರೆ ಹತ್ತುತ್ತದೆ. ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚಿ ಕಳುಹಿಸಿ, ದೂರಿಗೆ ಕಿವಿಗೊಡಬೇಡಿ.

ಈಗೆಲ್ಲ ಬಾಯಿಯನ್ನು ಸ್ಕ್ಯಾನ್ ಮಾಡಿ ಕಳುಹಿಸಿದರೆ ಕಂಪನಿಯವರೇ ಹಲ್ಲು ಸರಿಸುವ ಪಾರದರ್ಶಕ ಅಚ್ಚು, ಅಂದರೆ ಅಲೈನರ್, ಮಾಡಿ ಕೊಡುತ್ತಾರೆ, ಇನ್ನು ತಂತಿ ಯಾರಿಗೆ ಬೇಕು ಎನ್ನುವವರಿದ್ದಾರೆ. ಯಂತ್ರ ಹಲ್ಲಿನ ಚಿತ್ರ ತೆಗೆಯುತ್ತದೆ. ಆ ಹಲ್ಲಿನ ಬೇರು ಇಷ್ಟು ಬಲವನ್ನು ತಡೆದೀತೇ ಎಂದು ಬೆರಳಿಗೆ ಗೊತ್ತಾಗಬೇಕಾದರೆ ಒಮ್ಮೆಯಾದರೂ ತಂತಿ ಹಿಡಿದಿರಬೇಕು.

ಹಲ್ಲು ಸರಿಯುವುದಾದರೂ ಹೇಗೆ? ಮೊಳೆಯಂತೆ ಮೂಳೆಯೊಳಗೆ ಹೊಡೆದಿಟ್ಟ ವಸ್ತುವಲ್ಲ ಅದು. ಬೇರಿಗೂ ಮೂಳೆಗೂ ನಡುವೆ ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರವಿದೆ, ಅದರೊಳಗೆ ಸಣ್ಣ ಸಣ್ಣ ರಕ್ತನಾಳಗಳಿವೆ. ಒಂದು ಕಡೆಯಿಂದ ಹಗುರವಾಗಿ ಒತ್ತಿದರೆ ಎದುರು ಬದಿಯ ಮೂಳೆ ಕರಗುತ್ತದೆ, ಎಳೆತ ಬಿದ್ದ ಬದಿಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಎಲ್ಲ ಸರಿಯಿದ್ದರೆ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಬಲ ಎಷ್ಟಿರಬೇಕೆಂದು 1932ರಲ್ಲೇ ಶ್ವಾರ್ಟ್ಸ್ ಎಂಬವರು ಹೇಳಿದ್ದರು: ಆ ಕಿರುನಾಳಗಳೊಳಗಿನ ಒತ್ತಡವನ್ನು ಮೀರಬಾರದು, ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ. ಮೀರಿದರೆ ರಕ್ತ ಹರಿಯುವುದು ನಿಲ್ಲುತ್ತದೆ, ಆ ಜಾಗದ ಜೀವಕೋಶಗಳು ಸಾಯುತ್ತವೆ, ಹಲ್ಲು ಬೇಗ ಸರಿಯುವ ಬದಲು ವಾರಗಟ್ಟಲೆ ನಿಂತುಬಿಡುತ್ತದೆ. ಸತ್ತ ಜಾಗ ಸೂಕ್ಷ್ಮದರ್ಶಕದಡಿ ಗಾಜಿನಂತೆ ನಯವಾಗಿ, ತಿಳಿಗುಲಾಬಿಯಾಗಿ ಕಾಣುತ್ತದೆ. ನಾವು ಅದನ್ನು ಹಯಲಿನೈಸೇಶನ್ ಎನ್ನುತ್ತೇವೆ.

ಈ ಶಬ್ದವನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಮಗಳು ಬಣ್ಣದ ಪೆನ್ಸಿಲ್ ಹಿಡಿದು ಕೂತಿರುವುದು ಓರಲ್ ಪೆಥಾಲಜಿ, ಅಂದರೆ ಬಾಯಿಯ ರೋಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಲಿಯುವ ವಿಭಾಗದ ಪ್ರಯೋಗಾಲಯದಲ್ಲಿ. ಒಂದು ಗುಲಾಬಿ ಪೆನ್ಸಿಲ್, ಒಂದು ನೇರಳೆ ಪೆನ್ಸಿಲ್, ಬೇರೆ ಬಣ್ಣ ಇಲ್ಲ. ಸ್ಲೈಡಿಗೆ ಹಾಕುವ ಎರಡು ಬಣ್ಣಗಳಲ್ಲಿ ಒಂದು ಜೀವಕೋಶಗಳ ಕೇಂದ್ರವನ್ನು ನೇರಳೆಯಾಗಿಸುತ್ತದೆ, ಇನ್ನೊಂದು ಉಳಿದದ್ದನ್ನು ಗುಲಾಬಿಯಾಗಿಸುತ್ತದೆ. ನೋಡಿದ್ದನ್ನು ಕಾಗದಕ್ಕೆ ಇಳಿಸುವಾಗ ಅರ್ಧ ಮಕ್ಕಳು ಪಕ್ಕದವಳ ರೆಕಾರ್ಡ್ ಪುಸ್ತಕ ನೋಡಿ ಬರೆಯುತ್ತಾರೆ, ಅದು ನಮಗೂ ಗೊತ್ತು. ಆದರೆ ಮಲೆನಾಡಿನಲ್ಲಿ ಓದುವ ಯಾರೇ ಆಗಲಿ ಒಂದು ಸ್ಲೈಡನ್ನು ಮಾತ್ರ ಕಣ್ಣಾರೆ ನೋಡಿಯೇ ಬರೆಯಬೇಕು. ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಡಿಕೆ ಅಗಿದು ಬಾಯಿ ಬಿಗಿಯುವ ರೋಗ. ಮೇಲಿನ ಪದರ ಸವೆದು ಕಾಗದದಂತಾಗಿರುತ್ತದೆ. ಅದರ ಕೆಳಗೆ ಸಡಿಲವಾಗಿ ಹರಡಿರಬೇಕಾದ ನಾರುಗಳು ಒಂದಕ್ಕೊಂದು ಅಂಟಿ, ಗೆರೆಗಳೇ ಕಾಣದಂತೆ, ಮತ್ತದೇ ಗಾಜಿನಂಥ ಗುಲಾಬಿ. ರಕ್ತನಾಳಗಳು ಒತ್ತಿಹೋಗಿರುತ್ತವೆ.

ಅಲ್ಲಿಯೂ ಹಯಲಿನ್, ಇಲ್ಲಿಯೂ ಹಯಲಿನ್. ಎರಡೂ ಒಂದೇ ಕ್ರಿಯೆಯಲ್ಲ. ಹಲ್ಲಿನ ಬೇರಿನ ಬಳಿಯದು ಬಲ ತಗ್ಗಿಸಿದರೆ ಕೆಲವು ವಾರಗಳಲ್ಲಿ ತಾನೇ ತೆರವಾಗುತ್ತದೆ, ಕೆನ್ನೆಯದು ಹಾಗೆ ಹೋಗುವುದಿಲ್ಲ. ಈ ವ್ಯತ್ಯಾಸ ಗುರುತಿಸಿದ ವಿದ್ಯಾರ್ಥಿಗೆ ಅವಳ ತಂತಿಯ ಕೆಲಸವೂ ಅರ್ಥವಾಯಿತು, ಅಪ್ಪನ ಕವಳವೂ ಅರ್ಥವಾಯಿತು ಎನ್ನಬಹುದು.

ಕವಳದ ಕೆನ್ನೆಯಲ್ಲಿ ಆಗುವುದೇನೆಂದು ನಿಮಗೆ ಹೇಳಲು ಪುಸ್ತಕ ಬೇಡ, ಅಡಿಕೆ ಬೇಯಿಸುವ ಹಂಡೆ ಸಾಕು. ಹಸಿ ಅಡಿಕೆ ಸುಲಿದವರ ಕೈಯಲ್ಲಿ ದಿನಗಟ್ಟಲೆ ಹೋಗದ ಕಪ್ಪು ಕಲೆ, ಬೇಯಿಸಿದ ಹಂಡೆಯ ತಳದಲ್ಲಿ ಉಳಿಯುವ ಚೊಗರು, ಎರಡೂ ಟ್ಯಾನಿನ್ ಎಂಬ ಒಗರು ಅಂಶದ ಗುಣವೇ. ಟ್ಯಾನಿನ್ ಇರುವ ಮರದ ತೊಗಟೆಯಿಂದಲೇ ಹಿಂದಿನವರು ಹಸಿ ತೊಗಲನ್ನು ಕೊಳೆಯದ ಚರ್ಮವಾಗಿ ಹದ ಮಾಡುತ್ತಿದ್ದರು. ಕೆನ್ನೆಯ ಒಳಗೂ ತೊಗಲಿನಲ್ಲಿರುವ ಅದೇ ಬಗೆಯ ನಾರುಗಳಿವೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ಆ ನಾರನ್ನು ಹೆಚ್ಚು ಹೆಚ್ಚು ನೇಯುವಂತೆ ಮಾಡುತ್ತದೆ. ಅಡಿಕೆಯಲ್ಲಿರುವ ತಾಮ್ರ, ಎಳೆಗಳನ್ನು ಪರಸ್ಪರ ಹೊಲಿಯುವ ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಟ್ಯಾನಿನ್ ಹಾಗೆ ನೇಯ್ದದ್ದನ್ನು ದೇಹ ಕರಗಿಸಿಕೊಳ್ಳದಂತೆ ತಡೆಯುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಭಾಗ ಕೆಂಪು ಕಳೆದುಕೊಂಡು ಅಮೃತಶಿಲೆಯಂತೆ ಬಿಳಿಚಿಕೊಳ್ಳುತ್ತದೆ. ಬೆರಳಿಟ್ಟರೆ ಒಳಗೆ ಹಗ್ಗದಂಥ ಪಟ್ಟಿಗಳು ಸಿಗುತ್ತವೆ. ಕಿರುನಾಲಿಗೆ ಮುದುಡಿಕೊಳ್ಳುತ್ತದೆ, ಸೀಟಿ ಹೊಡೆಯಲು ಬರುವುದಿಲ್ಲ, ಕೊನೆಗೆ ಬಾಯಿಯೇ ತೆರೆಯುವುದಿಲ್ಲ.

ಈ ರೋಗವನ್ನು 1952ರಲ್ಲಿ ಮೊದಲು ದಾಖಲಿಸಿದವರೂ ಶ್ವಾರ್ಟ್ಸ್ ಹೆಸರಿನವರೇ, ಬೇರೊಬ್ಬರು. ಅವರು ಕಂಡದ್ದು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರಲ್ಲಿ. ನಾವು ಎಲ್ಲಿ ಹೋದರೂ ಅಡಿಕೆ ಜೊತೆಗೆ ಹೋಗುತ್ತದೆ.

ಇನ್ನು ನನ್ನ ನಾಚಿಕೆಯ ಸಂಗತಿ. ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ ಎಂಡಿಎಸ್ ಮುಗಿಸಿ ಬಂದ ಹೊಸತು, ಕೈ ಚುರುಕಾಗಿತ್ತು, ತಲೆ ಇನ್ನೂ ಚುರುಕಾಗಿತ್ತು ಎಂದು ಭಾವಿಸಿದ್ದೆ. ಹೊಸನಗರದ ಕಡೆಯಿಂದ ಹದಿನೇಳು ವರ್ಷದ ಹುಡುಗನೊಬ್ಬ ಬಂದ. ಮೇಲಿನ ಹಲ್ಲು ಒಂಬತ್ತು ಮಿಲಿಮೀಟರ್ ಮುಂದೆ ಬಂದಿದ್ದವು. ಶಾಲೆಯಲ್ಲಿ ಅಡ್ಡಹೆಸರಿಟ್ಟಿದ್ದರಂತೆ, ಕೈಯಿಂದ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಿದ್ದ. ಪಾಠಕ್ಕೆ ಹೇಳಿ ಮಾಡಿಸಿದಂಥ ಕೇಸು. ವಕ್ರ ಹಲ್ಲುಗಳಿಗೆ ಎಡ್ವರ್ಡ್ ಆಂಗಲ್ 1899ರಲ್ಲಿ ಹಾಕಿಕೊಟ್ಟ ವರ್ಗೀಕರಣದ ಎರಡನೆಯ ವರ್ಗ. ಅಚ್ಚು ತೆಗೆದೆ, ತಲೆಯ ಪಕ್ಕದ ಎಕ್ಸ್-ರೇ ತೆಗೆಸಿದೆ, ಕೋನಗಳನ್ನು ಅಳೆದೆ, ಫೋಟೊ ತೆಗೆದೆ. ಅಚ್ಚಿನ ಟ್ರೇ ಒಳಗೆ ಹೋಗಲು ತಿಣುಕಿತು. ಹೆದರಿಕೆಗೆ ಬಾಯಿ ಬಿಗಿ ಹಿಡಿದಿದ್ದಾನೆ ಎಂದುಕೊಂಡು, ಸರಿಯಾಗಿ ತೆರಿ ಮಾರಾಯ ಎಂದು ಗದರಿಸಿದೆ. ಅವನು ತೆರೆದಷ್ಟೇ ತೆರೆದ.

ನಾಲ್ಕು ಹಲ್ಲು ಕೀಳಿಸಿ ಕ್ಲಿಪ್ ಹಾಕಿದೆ. ಎಂಟು ತಿಂಗಳು ನಡೆಯಿತು. ಪ್ರತಿ ತಿಂಗಳೂ ಹಿಂದಿನ ದವಡೆ ಹಲ್ಲಿನ ತನಕ ಇಕ್ಕಳ ತಲುಪಿಸಲು ಹೆಚ್ಚು ಹೆಚ್ಚು ಕಷ್ಟವಾಗುತ್ತಿತ್ತು, ನಾನು ಚಿಕ್ಕ ಇಕ್ಕಳ ತರಿಸಿದೆ! ಒಂದು ದಿನ ಬಾಯಿಯ ರೋಗಗಳನ್ನು ಪತ್ತೆಹಚ್ಚುವ ಪಕ್ಕದ ಓರಲ್ ಮೆಡಿಸಿನ್ ವಿಭಾಗದ ಸಹೋದ್ಯೋಗಿ ಯಾವುದೋ ಫೈಲು ಕೇಳಲು ಬಂದವರು, ನನ್ನ ಭುಜದ ಮೇಲಿಂದ ಆ ಬಾಯಿಯೊಳಗೆ ಇಣುಕಿದರು. ಏನೂ ಹೇಳದೆ ಗ್ಲೌಸ್ ಹಾಕಿಕೊಂಡು ಕೆನ್ನೆಯೊಳಗೆ ಬೆರಳಾಡಿಸಿದರು. ಆಮೇಲೆ ನನ್ನ ಬೆರಳನ್ನು ಹಿಡಿದು ಅದೇ ಜಾಗಕ್ಕೆ ಇಟ್ಟರು. ಎರಡೂ ಕಡೆ ಪಟ್ಟಿಗಳು. ಸ್ಕೇಲಿಟ್ಟು ಅಳೆದರು: ಮೇಲಿನ ಬಾಚಿಹಲ್ಲಿನ ತುದಿಯಿಂದ ಕೆಳಗಿನದರ ತುದಿಗೆ 22 ಮಿಲಿಮೀಟರ್. ಆರೋಗ್ಯವಂತ ಹುಡುಗನಿಗೆ 40ರ ಆಸುಪಾಸು ಇರಬೇಕು. ಎಂಟನೆಯ ತರಗತಿಯಿಂದ ಬಸ್ ಸ್ಟಾಪಿನ ಅಂಗಡಿಯಲ್ಲಿ ಪಾನ್ ಮಸಾಲ ತಿನ್ನುತ್ತಿದ್ದನಂತೆ. ನೀನು ನನಗೆ ಹೇಳಲೇ ಇಲ್ಲವಲ್ಲ ಎಂದೆ. ನೀವು ಕೇಳಲಿಲ್ಲ ಸರ್ ಎಂದ.

ಕ್ಲಿಪ್ ಬಿಚ್ಚಬೇಕಾಯಿತು. ಕಿತ್ತ ಹಲ್ಲಿನ ಜಾಗ ಅರ್ಧ ಮುಚ್ಚಿತ್ತು, ಅರ್ಧ ಹಾಗೇ ಉಳಿಯಿತು. ಅವನು ಪಾನ್ ಮಸಾಲದ ಪೊಟ್ಟಣ ಬಿಟ್ಟ, ಅದು ದೊಡ್ಡ ಮಾತು. ಕೆನ್ನೆಗೆ ಇಂಜೆಕ್ಷನ್ ಕೊಟ್ಟರು, ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ದಿನಕ್ಕೆ ಇಷ್ಟು ಹೊತ್ತು ಎಂದು ವ್ಯಾಯಾಮ ಹೇಳಿಕೊಟ್ಟರು, ವಾರಕ್ಕೊಂದು ಕಡ್ಡಿ ಹೆಚ್ಚಿಸುವ ಲೆಕ್ಕ. ಒಂದು ವರ್ಷದ ಕೊನೆಗೆ 29 ಆಯಿತು. ಅಷ್ಟೇ.

ಅಂದಿನಿಂದ ನನ್ನ ವಿದ್ಯಾರ್ಥಿಗಳ ಕೇಸ್ ಶೀಟಿನ ಮೊದಲ ಸಾಲು ಬದಲಾಯಿತು. ಹಲ್ಲು ಎಷ್ಟು ಮುಂದಿದೆ ಎಂದು ಅಳೆಯುವ ಮುನ್ನ ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆದು ಬರೆಯಬೇಕು. ಕ್ಲಿಪ್ ಹಾಕಿಸಿಕೊಳ್ಳಲು ಬರುವ ವಯಸ್ಸೂ ಪೊಟ್ಟಣ ಹಿಡಿಯುವ ವಯಸ್ಸೂ ಒಂದೇ, ಹನ್ನೆರಡರಿಂದ ಇಪ್ಪತ್ತು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಅಂಗಡಿಗಳಲ್ಲಿ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಸಿಗತೊಡಗಿತು, ಹುಡುಗರು ಬೆರೆಸಿಕೊಳ್ಳುತ್ತಾರೆ. ಎಲೆಯಿಲ್ಲದ ಒಣ ಅಡಿಕೆಪುಡಿಯ ಈ ಪೊಟ್ಟಣಗಳು ಕವಳಕ್ಕಿಂತ ಬೇಗ ಬಾಯಿ ಬಿಗಿಯುತ್ತವೆ. ಹೀಗಿರುವಾಗ ಇಂಥ ಹುಡುಗನ ಬಾಯಿಯನ್ನು ತಿಂಗಳಿಗೊಮ್ಮೆ, ಎರಡು ವರ್ಷ, ಬೆಳಕು ಹಾಕಿ ನೋಡುವ ವೈದ್ಯರು ಯಾರು? ಆರ್ಥೋಡಾಂಟಿಸ್ಟ್ ಮಾತ್ರ. ಕ್ಯಾನ್ಸರ್ ತಜ್ಞರಿಗೆ ಆ ಭಾಗ್ಯವಿಲ್ಲ, ಅವರ ಬಳಿಗೆ ಜನ ಹೋಗುವುದು ಎಲ್ಲ ಮುಗಿಯುತ್ತ ಬಂದಾಗ. ಕ್ಲಿಪ್ ಹಾಕುವವಳಿಗೆ ರೋಗದ ಪಾಠ ಏಕೆ ಎಂದಿರಲ್ಲ, ಇದಕ್ಕೆ.

ಇದೊಂದೇ ಅಲ್ಲ. ಕ್ಲಿಪ್ ಹಾಕುವ ಮುನ್ನ ಎರಡೂ ದವಡೆ ಒಟ್ಟಿಗೆ ಕಾಣುವ ಓಪಿಜಿ ಎಕ್ಸ್-ರೇ ತೆಗೆಸುತ್ತೇವೆ. ನೋವಿಲ್ಲದ ಮಕ್ಕಳಿಗೆ ಜೀವನದಲ್ಲಿ ಮೊದಲ ದವಡೆಯ ಚಿತ್ರ ಅದೇ. ಹುಟ್ಟದೆ ಒಳಗೇ ಉಳಿದ ಹಲ್ಲಿನ ಸುತ್ತ ನೀರುಗುಳ್ಳೆ ಬೆಳೆದು ಮೂಳೆ ತಿನ್ನುತ್ತಿರುವುದು ಎಷ್ಟೋ ಸಲ ಹೀಗೆಯೇ, ಬೇರೆ ಕಾರಣಕ್ಕೆ ತೆಗೆದ ಚಿತ್ರದಲ್ಲಿ ಕಣ್ಣಿಗೆ ಬೀಳುತ್ತದೆ. ಇನ್ನು ಕ್ಲಿಪ್ಪಿನ ಸುತ್ತ ಹಲ್ಲುಜ್ಜದಿದ್ದರೆ ನಾಲ್ಕೇ ವಾರಗಳಲ್ಲಿ ಬಿಳಿ ಮಚ್ಚೆಗಳು ಏಳಬಹುದು, ಅದು ಹುಳುಕಿನ ಮೊದಲ ಹೆಜ್ಜೆ. ನಮ್ಮ ಕಡೆ ಮಳೆಗಾಲದಲ್ಲಿ ಬಸ್ಸು ಸರಿಯಿಲ್ಲವೆಂದು ಮಕ್ಕಳು ಎರಡು ತಿಂಗಳು ಬರುವುದಿಲ್ಲ, ಬರುವಾಗ ಹಲಸಿನ ಹಪ್ಪಳ ಕಡಿದು ಕಿತ್ತುಬಂದ ಬ್ರಾಕೆಟ್ಟನ್ನು, ಅಂದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಬಿಲ್ಲೆಯನ್ನು, ಕರವಸ್ತ್ರದಲ್ಲಿ ಕಟ್ಟಿಕೊಂಡು ಬರುತ್ತಾರೆ.

ಪಠ್ಯಕ್ರಮದ ಲೆಕ್ಕ ಬೇಕಿದ್ದರೆ ಇಷ್ಟು: ನಿಮ್ಮ ಮಗಳು ಓದುತ್ತಿರುವ ದಂತ ವೈದ್ಯಕೀಯ ಪದವಿ ಬಿಡಿಎಸ್ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಮೂರನೆಯ ವರ್ಷ ಜನರಲ್ ಮೆಡಿಸಿನ್, ಸರ್ಜರಿಯ ಜೊತೆ ಓರಲ್ ಪೆಥಾಲಜಿ. ಆರ್ಥೋಡಾಂಟಿಕ್ಸ್, ಓರಲ್ ಮೆಡಿಸಿನ್ ಮೊದಲಾದವುಗಳ ಪರೀಕ್ಷೆ ಕೊನೆಯ ವರ್ಷಕ್ಕೆ. ಅಂದರೆ ರೋಗವನ್ನು ಮೊದಲು ಸ್ಲೈಡಿನಲ್ಲಿ ನೋಡಿ, ಆಮೇಲೆ ಬಾಯಲ್ಲಿ ನೋಡುವ ಕ್ರಮ. ಕ್ರಮದಲ್ಲಿ ದೋಷವಿಲ್ಲ. ದೋಷ ನಾವು ಅದನ್ನು ನಡೆಸುವ ರೀತಿಯಲ್ಲಿದೆ. ಎರಡು ವಿಭಾಗಗಳ ನಡುವೆ ಒಂದು ಗೋಡೆ, ಆ ಗೋಡೆ ದಾಟಿ ಒಂದು ಬಾಯಿಯೂ ಒಂದು ಸ್ಲೈಡೂ ಭೇಟಿಯಾಗುವುದಿಲ್ಲ. ಮೇಲಿಂದ ಕೋಟಾ. ಇಷ್ಟು ಕೇಸು ಮುಗಿಸಬೇಕು, ಇಷ್ಟು ಸಹಿ ಹಾಕಿಸಿಕೊಳ್ಳಬೇಕು. ನಾನು ಕಂಡ ಪರೀಕ್ಷೆಗಳಲ್ಲಿ ಬಾಯಿ ಬಿಗಿದ ಒಬ್ಬ ಹಿರಿಯರನ್ನು ಬೆಳಿಗ್ಗೆಯಿಂದ ಕೂರಿಸಿ ಒಬ್ಬರಾದ ಮೇಲೊಬ್ಬರು ಆರೇಳು ಮಕ್ಕಳು ಪರೀಕ್ಷಿಸಿದ್ದುಂಟು. ಒಳ್ಳೆಯ ಕೇಸು ಎಂದು ಎಲ್ಲರಿಗೂ ಸಂತೋಷ. ಸಂಜೆ ಅವರಿಗೆ ಕಾಫಿ, ಬಸ್ಸಿನ ದುಡ್ಡು. ಬಾಯಿ ಬಿಗಿದವರಿಗೆ ಕಾಫಿ ಬಿಸಿಬಿಸಿ ಕುಡಿಯಲಾಗುವುದಿಲ್ಲ, ಆರಲಿ ಎಂದು ಲೋಟ ಹಿಡಿದು ಕೂತಿರುತ್ತಾರೆ.

ಕೇಳುವುದನ್ನು ಕಲಿಸುವುದು ಎಲ್ಲಕ್ಕಿಂತ ಕಷ್ಟ. ದೂರದ ಊರುಗಳಿಂದ ಬಂದ ಮಕ್ಕಳು ರೋಗಿಯನ್ನು, ನಿಮಗೇನಾದರೂ ಚಟ ಇದೆಯಾ ಎಂದು ಕೇಳುತ್ತಾರೆ. ಇಲ್ಲ ಎಂಬ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಚಟ ಎಂದರೆ ಬೀಡಿ, ಕುಡಿತ. ಊಟವಾದ ಮೇಲೆ ಹಾಕುವ ಕವಳ ಚಟವೇ? ನೆಂಟರು ಬಂದರೆ ಮೊದಲು ಮುಂದಿಡುವುದು ಎಲೆ ತಟ್ಟೆ, ಶುಭಕಾರ್ಯಕ್ಕೆ ತಾಂಬೂಲ, ಅದನ್ನು ಚಟ ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದ್ದರಿಂದ ನಾನು ಮಕ್ಕಳಿಗೆ ಪ್ರಶ್ನೆಗಳನ್ನೇ ಬಾಯಿಪಾಠ ಮಾಡಿಸುತ್ತಿದ್ದೆ. ಸಾಗರ, ಹೊಸನಗರದ ಕಡೆಯವರಾದರೆ ಕವಳ ಎನ್ನಿ, ಉಳಿದ ಕಡೆ ಎಲೆಅಡಿಕೆ ಎನ್ನಿ. ದಿನಕ್ಕೆ ಎಷ್ಟು ಸಲ? ಹೊಗೆಸೊಪ್ಪು ಸೇರಿಸುತ್ತೀರಾ? ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀರಿ? ಉಗುಳುತ್ತೀರಾ, ನುಂಗುತ್ತೀರಾ? ರಾತ್ರಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವುದುಂಟಾ? ಹೆಂಗಸರನ್ನೂ ಕೇಳಬೇಕು, ಕೇಳದೇ ಬಿಡುವುದು ಅವರನ್ನೇ. ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ನಡುರಾತ್ರಿಯ ತನಕ ಅಡಿಕೆ ಸುಲಿಯುವವರಲ್ಲಿ ಎಷ್ಟೋ ಮಂದಿಗೆ ನಿದ್ದೆ ತಡೆಯಲು ಬಾಯಲ್ಲೊಂದು ಕವಳ ಬೇಕೇ ಬೇಕು.

ಕೇಳಿದ ಮೇಲೆ ನೋಡುವುದು. ತುಟಿಯ ಒಳಗೆ, ಕೆನ್ನೆ, ಕೆನ್ನೆಗೂ ವಸಡಿಗೂ ನಡುವಿನ ಸಂದು, ಅಂಗುಳ. ನಾಲಿಗೆಯ ತುದಿಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಎಡಕ್ಕೆಳೆದು ಬಲ ಅಂಚು, ಬಲಕ್ಕೆಳೆದು ಎಡ ಅಂಚು, ಮೇಲೆತ್ತಿಸಿ ಅಡಿಭಾಗ. ಪ್ರತಿ ರೋಗಿಗೂ ಇದೇ ಕ್ರಮ, ಹಲ್ಲು ಕೀಳಿಸಲು ಬಂದಿರಲಿ, ಕ್ಲಿಪ್ಪಿಗೆ ಬಂದಿರಲಿ. ರೂಢಿಯಾದರೆ ಎರಡು ನಿಮಿಷ ಹಿಡಿಯುವುದಿಲ್ಲ. ಎರಡು ವಾರವಾದರೂ ಮಾಯದ ಹುಣ್ಣು, ಉಜ್ಜಿದರೆ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಕೆಟ್ಟದ್ದಾದ ಮಖಮಲ್ಲಿನಂಥ ಕೆಂಪು ಮಚ್ಚೆ, ಇವು ಕಂಡರೆ ಮುಲಾಮು ಬರೆದುಕೊಟ್ಟು ಕಳುಹಿಸಬಾರದು, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳುಹಿಸಬೇಕು. ಮಗಳಿಗೆ ಒಂದು ಕೆಲಸ ಹೇಳಿ: ಇಂಟರ್ನ್‌ಶಿಪ್ಪಿನಲ್ಲಿ ಒಂದೇ ಒಂದು ಬಯಾಪ್ಸಿಯನ್ನು ಮೊದಲಿಂದ ಕೊನೆಯ ತನಕ ಹಿಂಬಾಲಿಸಲಿ. ಕುರ್ಚಿಯ ಬಳಿ ನಿಂತು ತೆಗೆಯುವುದನ್ನು ನೋಡಲಿ, ಫಾರ್ಮಲಿನ್ ಶೀಶೆಗೆ ತಾನೇ ಹೆಸರು ಬರೆಯಲಿ, ಮೇಣದಲ್ಲಿ ಕೂರಿಸಿ ತೆಳುವಾಗಿ ಸೀಳುವುದನ್ನು ನೋಡಲಿ, ಸ್ಲೈಡ್ ನೋಡಲಿ, ವರದಿ ಬಂದ ದಿನ ರೋಗಿಗೆ ಅದನ್ನು ಹೇಳುವಾಗ ಪಕ್ಕದಲ್ಲಿರಲಿ. ಕೊನೆಯದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಮುಂದೆ ಯಾವ ಎಂಡಿಎಸ್ ಎಂಬುದನ್ನು ಈಗಲೇ ನಿಶ್ಚಯಿಸಬೇಡಿ. ಒಂಬತ್ತು ಶಾಖೆಗಳಿವೆ. ಆರ್ಥೋಡಾಂಟಿಕ್ಸ್ ಸೀಟಿಗೆ ಪೈಪೋಟಿ, ಓರಲ್ ಪೆಥಾಲಜಿ ಸೀಟು ಖಾಲಿ ಬೀಳುವುದು ನಮ್ಮ ಕಾಲೇಜುಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಮೊದಲನೆಯದರಲ್ಲಿ ದುಡ್ಡಿದೆ. ಕ್ಲಿಪ್ಪಿನ ಆಸೆ ತಪ್ಪಲ್ಲ. ಬಾಯಿ ಮುಚ್ಚಿಕೊಂಡು ಮಾತಾಡುವ ಹುಡುಗಿ ಕೈ ಕೆಳಗಿಳಿಸಿ ನಗುವುದನ್ನು ನೋಡುವ ಸುಖ ನನಗೆ ಗೊತ್ತು. ಸಾಲ ಮಾಡಿ ತೋಟ ಅಡವಿಡುವ ಯೋಚನೆ ಇದ್ದರೆ ಮಾತ್ರ ಬೇಡ. ಬಿಡಿಎಸ್ ಮುಗಿಸಿ ಒಂದೆರಡು ವರ್ಷ ತಾಲ್ಲೂಕಿನಲ್ಲಿ ಹಲ್ಲು ಕೀಳಲಿ, ತುಂಬಲಿ, ಆಮೇಲೆ ಅವಳೇ ಹೇಳುತ್ತಾಳೆ.

ನಿಮ್ಮ ಕವಳಕ್ಕೆ ಬರೋಣ. ಹೊಗೆಸೊಪ್ಪು ಬಿಟ್ಟದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ, ಅದು ಸುಲಭವಲ್ಲ. ಆದರೆ ನೀವು ಕೇಳಿದ್ದಕ್ಕೆ ನೇರ ಉತ್ತರ ಹೌದು, ಬರೀ ಎಲೆ, ಅಡಿಕೆ, ಸುಣ್ಣದಲ್ಲೂ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ, ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು, ಆದ್ದರಿಂದ ನೀವು ಬಿಟ್ಟದ್ದು ವ್ಯರ್ಥವಾಗಿಲ್ಲ. ಬಾಯಿ ಬಿಗಿಯುವ ರೋಗಕ್ಕಂತೂ ಅಡಿಕೆಯೊಂದೇ ಸಾಕು. ಕವಳ ಹಾಕುವವರಿಗೆಲ್ಲ ಬರುತ್ತದೆಯೇ? ಇಲ್ಲ. ನಿಮ್ಮ ಅಜ್ಜ ಎಂಬತ್ತೈದರ ತನಕ ಕವಳ ಹಾಕಿಕೊಂಡು ಗಟ್ಟಿಮುಟ್ಟಾಗಿದ್ದರು ಎಂದು ನೀವು ಹೇಳಬಹುದು, ನನ್ನ ಅಜ್ಜನೂ ಹಾಗೆಯೇ ಇದ್ದರು. ಹಾಗಿರದವರ ಲೆಕ್ಕವನ್ನು ಮನೆಗಳಲ್ಲಿ ಯಾರೂ ಇಡುವುದಿಲ್ಲ.

ಮಗಳ ಫೀಸು ಕಟ್ಟಿದ್ದು ಅಡಿಕೆಯ ದುಡ್ಡು, ಆ ದುಡ್ಡಿನಲ್ಲಿ ಓದಿದವಳು ಬಂದು ಅಡಿಕೆ ಬಿಡು ಎನ್ನುತ್ತಾಳೆ ಎಂಬ ಮಾತು ನಿಮ್ಮ ಕಾಗದದಲ್ಲಿ ಇರಲಿಲ್ಲ, ಆದರೂ ನನಗೆ ಕೇಳಿಸಿತು. ನನ್ನ ಅಪ್ಪ ಅದನ್ನು ಬಾಯಿಬಿಟ್ಟೇ ಹೇಳಿದ್ದರು. ಬೆಳೆಯುವುದು ಬೇರೆ, ಅಗಿಯುವುದು ಬೇರೆ ಎಂದು ನಾನು ವಾದಿಸಿದ್ದೆ, ಆ ವಾದದಲ್ಲಿ ಪೂರ್ತಿ ನಂಬಿಕೆ ನನಗೂ ಇರಲಿಲ್ಲ.

ಜಗಳ ಒಂದು ದಿನ ಪಕ್ಕಕ್ಕಿಟ್ಟು ಹೀಗೆ ಮಾಡಿ. ಮುಂದಿನ ರಜೆಗೆ ಮಗಳು ಬಂದಾಗ ಕವಳ ಉಗುಳಿ, ಎರಡು ಸಲ ಬಾಯಿ ಮುಕ್ಕಳಿಸಿ, ಜಗಲಿಯಲ್ಲಿ ಬೆಳಕಿನ ಕಡೆಗೆ ಮುಖ ಮಾಡಿ ಕುಳಿತುಕೊಳ್ಳಿ. ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಕೆಳಗಿನ ಮುಂಬಲ್ಲುಗಳ ನಡುವೆ ಹೋಗುತ್ತವೆಯೇ ನೋಡಿ. ಆಮೇಲೆ ಅವಳ ಕೈಗೆ ಸ್ಕೇಲು ಕೊಡಿ, ಗ್ಲೌಸ್ ಹಾಕಿಕೊಂಡು ಎರಡೂ ಕೆನ್ನೆಗಳೊಳಗೆ ಬೆರಳಾಡಿಸಲಿ, ಕವಳ ಇಟ್ಟುಕೊಳ್ಳುವ ಕಡೆಯನ್ನು ಎರಡು ಸಲ. ನಾಲಿಗೆ ಹಿಡಿದು ಎಳೆಯುವಾಗ ಓಕರಿಕೆ ಬಂದರೂ ತಡೆದುಕೊಳ್ಳಿ, ಅವಳಿಗೆ ಇದು ಮೊದಲ ಸಲ ಹೆದರಿಕೆಯಿಂದ ನೋಡುವ ಬಾಯಿ. ಬಿಳಿ, ಕೆಂಪು, ಪಟ್ಟಿ, ಹುಣ್ಣು ಏನು ಕಂಡರೂ ಅದೇ ವಾರ ಅವಳ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗಕ್ಕೆ ಅವಳ ಜೊತೆಗೇ ಬಸ್ಸು ಹತ್ತಿ. ಏನೂ ಕಾಣದಿದ್ದರೂ ಅಳತೆಯನ್ನು ತಾರೀಕಿನ ಸಮೇತ ಎಲ್ಲಾದರೂ ಬರೆದಿಡಲಿ, ಅಡಿಕೆ ಲೆಕ್ಕದ ಪುಸ್ತಕವಾದರೂ ಸರಿ. ಆರು ತಿಂಗಳಿಗೆ ಇನ್ನೊಮ್ಮೆ ಅಳೆಯಬೇಕು. 35 ಮಿಲಿಮೀಟರಿಗಿಂತ ಕಡಿಮೆ ಬಂದರೆ ನನಗೂ ಒಂದು ಕಾಗದ ಹಾಕಿ, ಯಾವ ಕೆನ್ನೆ ಎಂಬುದನ್ನು ಬರೆಯಲು ಮರೆಯಬೇಡಿ.